ಲಿನಕ್ಸ್ ಪರೀಕ್ಷಿಸುವ ಮುನ್ನ ಒಳಗಿನ ಡಿಸ್ಕ್ ಬಿಚ್ಚಿಡಿ

ಹಳೆಯ ಕಂಪ್ಯೂಟರ್‌ಗಳಲ್ಲಿ ಲಿನಕ್ಸ್ ಇನ್‌ಸ್ಟಾಲೇಶನ್ ಇಮೇಜ್‌ಗಳನ್ನು (ಪೆನ್‌ಡ್ರೈವ್‌ಗೆ ಬರೆದು ಇನ್‌ಸ್ಟಾಲ್ ಮಾಡುವ ಕಡತಗಳನ್ನು) ಪರೀಕ್ಷಿಸುವವರು, ಅದರಲ್ಲೂ ಬೇರೆಯವರ ಯಂತ್ರವನ್ನು ಕೇಳಿ ತಂದು ಪರೀಕ್ಷಿಸುವವರು, “ಹೊರಗಿನ ಡಿಸ್ಕಿಗೆ ತಾನೇ ಹಾಕುತ್ತಿರುವುದು, ಒಳಗಿನದಕ್ಕೆ ಏನೂ ಆಗುವುದಿಲ್ಲ” ಎಂಬ ಮಾತನ್ನು ನಂಬಬಾರದು. ಹಳೆಯ ಬಯಾಸ್‌ನ ಜಾಗಕ್ಕೆ ಯುಇಎಫ್‌ಐ ಎಂಬ ಫರ್ಮ್‌ವೇರ್ (ಚಾಲೂ ಮಾಡಿದೊಡನೆ ಮೊದಲು ಓಡುವ, ಮದರ್‌ಬೋರ್ಡಿನಲ್ಲೇ ಇರುವ ತಂತ್ರಾಂಶ) ಬಂದ ಮೇಲೆ ಆ ಮಾತು ಸುಳ್ಳಾಗಿದೆ.

ಚಾಮರಾಜಪೇಟೆಯಲ್ಲಿ ಸಣ್ಣ ಮುದ್ರಣಾಲಯ ನಡೆಸುವ ಪರಿಚಿತರೊಬ್ಬರ ಬಳಿ ವಿಂಡೋಸ್ 8ರ ಕಾಲದ ಲ್ಯಾಪ್‌ಟಾಪ್ ಇದೆ. ಅವರ ಟ್ಯಾಲಿ ಲೆಕ್ಕವೆಲ್ಲ ಅದರಲ್ಲೇ. ಆ ತಲೆಮಾರಿನ ಫರ್ಮ್‌ವೇರ್‌ನಲ್ಲಿ ಒಂದು ಡಿಸ್ಟ್ರೋದ (ಲಿನಕ್ಸ್‌ನ ಒಂದು ಬಗೆಯ) ಇಮೇಜ್ ಹೇಗೆ ನಡೆಯುತ್ತದೆಂದು ನೋಡಲು ಯಂತ್ರವನ್ನು ಕೇಳಿದೆ, ಸಂತೋಷದಿಂದಲೇ ಕೊಟ್ಟರು. ಲಿನಕ್ಸ್ ಕೂರುವ ರೂಟ್ ವಿಭಾಗವನ್ನೂ ಅದನ್ನು ಚಾಲೂ ಮಾಡುವ ಬೂಟ್‌ಲೋಡರ್‌ನ ಸ್ಥಳವನ್ನೂ ಇನ್‌ಸ್ಟಾಲರ್‌ನಲ್ಲಿ ಯುಎಸ್‌ಬಿ ಡಿಸ್ಕ್ ಎಂದೇ ಆರಿಸಿದ್ದೆ. ಎಲ್ಲವೂ ತಕರಾರಿಲ್ಲದೆ ಮುಗಿಯಿತು. ಯಂತ್ರ ಅವರ ಕೈ ಸೇರಿದ ಮೇಲೆ ಚಾಲೂ ಮಾಡಿದರೆ ವಿಂಡೋಸ್ ಇಲ್ಲ, ಕಪ್ಪು ಪರದೆಯ ಮೇಲೆ ಲಿನಕ್ಸ್‌ನ ಬೂಟ್‌ಲೋಡರ್ ಆದ ಗ್ರಬ್‌ನ ಪ್ರಾಂಪ್ಟ್ ಮಾತ್ರ. ಜಿಎಸ್‌ಟಿ 3ಬಿ ರಿಟರ್ನ್ ಸಲ್ಲಿಸಬೇಕಾದ 20ನೇ ತಾರೀಖು ಹತ್ತಿರದಲ್ಲಿತ್ತು. ಗಾಬರಿಯಿಂದ ಅವರು ಅದನ್ನು ಎಸ್.ಪಿ. ರಸ್ತೆಯ ಅಂಗಡಿಯೊಂದಕ್ಕೆ ಒಯ್ದಾಗ, ಅಲ್ಲಿಯವರು ಡಿಸ್ಕನ್ನು ಪರೀಕ್ಷಿಸುವ ಗೋಜಿಗೂ ಹೋಗದೆ ಫಾರ್ಮ್ಯಾಟ್ ಮಾಡಬೇಕು ಎಂದುಬಿಟ್ಟರಂತೆ. ಪುಣ್ಯಕ್ಕೆ ಒಪ್ಪಿಗೆ ಕೊಡುವ ಮೊದಲು ನನಗೆ ಫೋನ್ ಮಾಡಿದರು.

ನಡೆದದ್ದು ಇಷ್ಟು. ಯುಇಎಫ್‌ಐ ವಿಧಾನದಲ್ಲಿ ಬೂಟ್‌ಲೋಡರ್ ಇಎಸ್‌ಪಿ ಎಂಬ ಸಣ್ಣ ವಿಭಾಗದಲ್ಲಿ ಕೂರುತ್ತದೆ, ಅದನ್ನು ಎಲ್ಲಿ ಹುಡುಕಬೇಕೆಂಬ ನಮೂದು ಮದರ್‌ಬೋರ್ಡಿನಲ್ಲಿರುವ, ಆಫ್ ಮಾಡಿದರೂ ಅಳಿಯದ ಸ್ಮರಣೆಯಾದ ಎನ್‌ವಿರ‍್ಯಾಮ್‌ನಲ್ಲಿ ದಾಖಲಾಗುತ್ತದೆ. ಬೂಟ್‌ಲೋಡರ್ ಎಲ್ಲಿಗೆ ಹೋಗಬೇಕೆಂದು ಕೇಳುವ ಆ ಪೆಟ್ಟಿಗೆ ಹಳೆಯ ಬಯಾಸ್ ವಿಧಾನದಲ್ಲಿ ಮಾತ್ರ ಕೆಲಸ ಮಾಡುತ್ತಿತ್ತು. ಯುಇಎಫ್‌ಐಯಲ್ಲಿ ಇನ್‌ಸ್ಟಾಲರ್ ನನ್ನ ಆಯ್ಕೆಯನ್ನು ಬದಿಗಿಟ್ಟು, ಮೊದಲು ಕಣ್ಣಿಗೆ ಬಿದ್ದ ಇಎಸ್‌ಪಿಗೆ, ಅಂದರೆ ಒಳಗಿನ ಡಿಸ್ಕಿನದಕ್ಕೇ ಗ್ರಬ್ಬನ್ನು ಬರೆದಿತ್ತು. ಆ ಗ್ರಬ್ ಹುಡುಕುತ್ತಿದ್ದ ಕಡತಗಳೋ ನನ್ನ ಚೀಲದಲ್ಲಿದ್ದ ಯುಎಸ್‌ಬಿ ಡಿಸ್ಕಿನಲ್ಲಿದ್ದವು. ಉಪಯೋಗಕ್ಕೆ ಬಾರದ ಆಯ್ಕೆಯನ್ನು ತೆರೆಯ ಮೇಲೆ ತೋರಿಸುವುದು ಬಳಕೆದಾರನಿಗೆ ಮಾಡುವ ಮೋಸವೆಂದೇ ನನ್ನ ಅಭಿಪ್ರಾಯ. ಎಷ್ಟೋ ಯಂತ್ರಗಳಲ್ಲಿ ಬೂಟ್ ಮೆನುವಿಗೆ ಹೋಗಿ ವಿಂಡೋಸ್ ಬೂಟ್ ಮ್ಯಾನೇಜರನ್ನು ಆರಿಸಿದರೆ ಸಾಕು. ಇದರ ಫರ್ಮ್‌ವೇರ್‌ನಲ್ಲಿ ಆ ನಮೂದೇ ಮಾಯವಾಗಿತ್ತು. ವಿಂಡೋಸ್ ರಿಕವರಿ ಯುಎಸ್‌ಬಿಯಿಂದ ವಿಂಡೋಸ್‌ನ ಬೂಟ್ ಕಡತಗಳನ್ನು ಮತ್ತೆ ಬರೆಯುವ ಬಿಸಿಡಿಬೂಟ್ ಆದೇಶ ಕೊಟ್ಟ ಮೇಲೆ ಸರಿಹೋಯಿತು, ಲೆಕ್ಕವೂ ಉಳಿಯಿತು.

ಎಲ್ಲರಿಗೂ ಇಷ್ಟು ಅಗ್ಗದಲ್ಲಿ ಮುಗಿದಿಲ್ಲ. 2003ರಲ್ಲಿ ಮ್ಯಾಂಡ್ರೇಕ್ ಲಿನಕ್ಸ್ 9.2 ಹಾಕಿದವರ ಕೆಲವು ಎಲ್‌ಜಿ ಸಿಡಿ ಡ್ರೈವ್‌ಗಳು ಸತ್ತೇಹೋದವು, ಏಕೆಂದರೆ ಕ್ಯಾಶ್ (ತಾತ್ಕಾಲಿಕ ಸ್ಮರಣೆ) ಖಾಲಿ ಮಾಡೆಂದು ಲಿನಕ್ಸ್‌ನ ತಿರುಳಾದ ಕರ್ನಲ್ ಕಳಿಸಿದ ಸಾಧಾರಣ ಆದೇಶವನ್ನು ಆ ಡ್ರೈವ್‌ಗಳು ಫರ್ಮ್‌ವೇರ್ ಬದಲಿಸುವ ಆದೇಶವೆಂದು ತಿಳಿದವು. 2008ರಲ್ಲಿ 2.6.27 ಕರ್ನಲ್‌ನ ಪರೀಕ್ಷಾ ಆವೃತ್ತಿಗಳು ಇಂಟೆಲ್‌ನ ಕೆಲವು ನೆಟ್‌ವರ್ಕ್ ಚಿಪ್‌ಗಳ ಸ್ಮರಣೆಯನ್ನು ಕೆಡಿಸಿದವು. 2017ರ ಡಿಸೆಂಬರ್‌ನಲ್ಲಿ ಉಬುಂಟು 17.10ರ ಇಮೇಜನ್ನೇ ಹಿಂತೆಗೆಯಬೇಕಾಯಿತು: ಫರ್ಮ್‌ವೇರ್ ಇರುವ ಚಿಪ್‌ನೊಡನೆ ವ್ಯವಹರಿಸುವ ಇಂಟೆಲ್ ಎಸ್‌ಪಿಐ ಡ್ರೈವರ್‌ನಿಂದಾಗಿ ಹಲವು ಲೆನೊವೊ ಲ್ಯಾಪ್‌ಟಾಪ್‌ಗಳು ಬಯಾಸ್ ಸೆಟ್ಟಿಂಗ್‌ಗಳನ್ನು ಉಳಿಸಿಕೊಳ್ಳಲಾರದೆ ಹೋದವು, ಕೆಲವು ಯುಎಸ್‌ಬಿಯಿಂದ ಬೂಟ್ ಆಗುವುದನ್ನೂ ನಿಲ್ಲಿಸಿದವು. ಸರಿಪಡಿಸಿದ 17.10.1 ಮರುತಿಂಗಳು ಬಂದಿತು. ಈ ಮೂರೂ ಸಂದರ್ಭಗಳಲ್ಲಿ ಡಿಸ್ಕಿನ ಬ್ಯಾಕಪ್ ಇದ್ದರೂ ಅದರಿಂದ ಪ್ರಯೋಜನವಿರಲಿಲ್ಲ, ಕೆಟ್ಟದ್ದು ಡಿಸ್ಕ್ ಅಲ್ಲ. ಆದ್ದರಿಂದ ಬಿಡುಗಡೆಗೆ ಮುಂಚಿನ ಇಮೇಜ್‌ಗಳನ್ನು ಒಬ್ಬರ ಹೊಟ್ಟೆಪಾಡಿನ ಯಂತ್ರದಲ್ಲಿ ಲೈವ್ ಆಗಿಯೂ (ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವ್‌ನಿಂದಲೇ) ಓಡಿಸಬೇಡಿ. ಅದಕ್ಕೆಂದೇ ಸೆಕೆಂಡ್ ಹ್ಯಾಂಡ್ ಯಂತ್ರವೊಂದನ್ನು ಕೊಂಡಿಡಿ.

ಉಳಿದ ಪರೀಕ್ಷೆಗಳಿಗೆ ಮೊದಲು ಒಳಗಿನ ಡಿಸ್ಕನ್ನು ಬಿಚ್ಚಿ ಪಕ್ಕಕ್ಕಿಡಿ. ಆ ಕಾಲದ ಬಹುತೇಕ ಲ್ಯಾಪ್‌ಟಾಪ್‌ಗಳಲ್ಲಿ ಇದು ಕೆಲವೇ ಸ್ಕ್ರೂಗಳ ಕೆಲಸ. ಇಂಟೆಲ್‌ನ ಬೇ ಟ್ರೇಲ್ ಆಟಮ್ ಪ್ರೊಸೆಸರ್ ಇರುವ ಟ್ಯಾಬ್ಲೆಟ್‌ಗಳಲ್ಲಿ ಸ್ಟೋರೇಜ್ ಮದರ್‌ಬೋರ್ಡಿಗೇ ಬೆಸುಗೆಯಾಗಿರುವುದರಿಂದ ಅದು ಸಾಧ್ಯವಿಲ್ಲ. ಅಂಥವುಗಳಲ್ಲಿ ಇಎಸ್‌ಪಿಯ ಒಂದು ಪ್ರತಿಯನ್ನು ತೆಗೆದಿಟ್ಟು, ಇನ್‌ಸ್ಟಾಲ್ ಮಾಡುವಾಗ ಒಳಗಿನ ಇಎಸ್‌ಪಿಯ ಬೂಟ್ ಫ್ಲ್ಯಾಗ್ (ಅದು ಬೂಟ್ ವಿಭಾಗವೆಂಬ ಗುರುತು) ತೆಗೆದು, ಮುಗಿದ ಮೇಲೆ ಮತ್ತೆ ಹಾಕಬೇಕು. ಇವುಗಳಲ್ಲಿ ಇನ್ನೊಂದು ತೊಡಕಿದೆ. ಪ್ರೊಸೆಸರ್ 64 ಬಿಟ್‌ನದಾದರೂ ಹಲವು ಮಾದರಿಗಳ ಯುಇಎಫ್‌ಐ 32 ಬಿಟ್‌ನದು. 64 ಬಿಟ್ ಬೂಟ್ ಕಡತ ಮಾತ್ರವಿರುವ ಇಮೇಜ್ ಅವುಗಳ ಮೆನುವಿನಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ. ಪೆನ್‌ಡ್ರೈವ್ ಕಾಣದಿರುವುದಕ್ಕೆ ಸೆಕ್ಯೂರ್ ಬೂಟ್ (ಸಹಿಯಿಲ್ಲದ ಬೂಟ್ ಕಡತಗಳನ್ನು ತಡೆಯುವ ಸೆಟ್ಟಿಂಗ್) ಕಾರಣವೆಂದು ಭಾವಿಸಿ ಅದನ್ನು ಆಫ್ ಮಾಡುವವರಿದ್ದಾರೆ. ಡಿಸ್ಕ್ ಎನ್‌ಕ್ರಿಪ್ಟ್ ಆಗಿದ್ದರೆ ಆಮೇಲೆ ವಿಂಡೋಸ್ 48 ಅಂಕಿಗಳ ರಿಕವರಿ ಕೀ ಕೇಳಬಹುದು, ಅದು ಎಲ್ಲಿದೆಯೆಂಬುದು ಎಷ್ಟೋ ಮಾಲೀಕರಿಗೇ ತಿಳಿದಿರುವುದಿಲ್ಲ. ಕೀ ಕೈಯಲ್ಲಿಲ್ಲದೆ ಆ ಸೆಟ್ಟಿಂಗ್ ಮುಟ್ಟಬೇಡಿ. ಯಂತ್ರವನ್ನು ಹಿಂದಿರುಗಿಸುವಾಗ ಯುಎಸ್‌ಬಿಗಳನ್ನೆಲ್ಲ ಕಿತ್ತು, ಪೂರ್ತಿ ಆಫ್ ಮಾಡಿ, ಮಾಲೀಕರ ಎದುರಿಗೇ ಮತ್ತೆ ಚಾಲೂ ಮಾಡಿ ತೋರಿಸಿ.