ಉದ್ಯಮಬಾಗ್‌ನ ಸಣ್ಣ ಡಿಸೈನ್ ಆಫೀಸಾ, ದೊಡ್ಡ ಕಂಪನಿಯಾ?

ಬೆಳಗಾವಿಯಲ್ಲಿ ಮೆಕ್ಯಾನಿಕಲ್ ಡಿಸೈನ್ ಕೆಲಸ ಹುಡುಕಿದರೆ ಸಾಮಾನ್ಯವಾಗಿ ಎರಡು ದಾರಿ ಸಿಗುತ್ತವೆ. ಒಂದು, ಇಲ್ಲಿನ ಕೈಗಾರಿಕಾ ಪ್ರದೇಶ ಉದ್ಯಮಬಾಗ್‌ನ ಫೌಂಡ್ರಿಗಳಿಗೆ (ಲೋಹ ಕರಗಿಸಿ ಎರಕ ಹೊಯ್ಯುವ ಕಾರ್ಖಾನೆಗಳಿಗೆ) ಡ್ರಾಯಿಂಗ್ ಮಾಡಿಕೊಡುವ ಸಣ್ಣ ಆಫೀಸು. ಇನ್ನೊಂದು, ಹೊರದೇಶದ ಗಿರಾಕಿಗಳ ಕೆಲಸ ಹಿಡಿಯುವ ದೊಡ್ಡ ಕಂಪನಿ. ನಾನು ಎರಡೂ ಕಡೆ ದುಡಿದಿದ್ದೇನೆ. ಹೊಸದಾಗಿ ಓದು ಮುಗಿಸಿದವರು ಕೇಳಿದರೆ ನನ್ನ ಓಟು ಮೊದಲು ಸಣ್ಣ ಆಫೀಸಿಗೆ, ದೊಡ್ಡ ಕಂಪನಿ ಆಮೇಲೆ. ಸಂಬಳ ನೋಡಿದವರು ಇದನ್ನು ಒಪ್ಪುವುದಿಲ್ಲ, ಅದೂ ಗೊತ್ತು.

ಸಣ್ಣ ಆಫೀಸಿನಲ್ಲಿ ಗೆರೆ ಎಳೆದವನೇ ಕಾಸ್ಟಿಂಗ್ (ಎರಕ ಹೊಯ್ದ ಭಾಗ) ಮುಂದೆಯೂ ನಿಲ್ಲಬೇಕು. ಗ್ರೇ ಐರನ್ (ಒಂದು ಬಗೆಯ ಎರಕದ ಕಬ್ಬಿಣ) ತಣ್ಣಗಾಗುವಾಗ ಸುಮಾರು ಶೇ. 1ರಷ್ಟು ಕುಗ್ಗುತ್ತದೆ. 300 ಮಿ.ಮೀ. ಬೇಕಿದ್ದರೆ ಪ್ಯಾಟರ್ನ್ (ಉಸುಕಿನಲ್ಲಿ ಅಚ್ಚು ಮೂಡಿಸುವ ಮಾದರಿ) 303 ಇರಬೇಕು. ಸ್ಟೀಲ್ ಆದರೆ ಕುಗ್ಗುವುದು ಹತ್ತಿರ ಹತ್ತಿರ ಇದರ ಎರಡು ಪಟ್ಟು. ಇದೆಲ್ಲ ಕಾಲೇಜಿನಲ್ಲೂ ಓದಿದ್ದೇ. ಆದರೆ ಪ್ಯಾಟರ್ನ್ ಮಾಡುವ ಮೇಸ್ತ್ರಿ ಡ್ರಾಯಿಂಗ್ ಹಿಡಿದು ಬಂದು, "ಡ್ರಾಫ್ಟ್ ಎಲ್ಲೈತ್ರಿ? ಉಸುಕಿನ್ಯಾಗಿಂದ ಹೆಂಗ ತೆಗೀಲಿ?" ಅಂತ ಕೇಳಿದಾಗಲೇ ಡ್ರಾಫ್ಟ್ ಅನ್ನುವ, ಪ್ಯಾಟರ್ನ್ ಸಲೀಸಾಗಿ ಹೊರಬರಲು ಗೋಡೆಗೆ ಕೊಡುವ ಆ ಒಂದೆರಡು ಡಿಗ್ರಿ ಇಳಿಜಾರಿನ ಬೆಲೆ ತಿಳಿಯುವುದು. (ಸಿಟ್ಟು ಬಂದರೆ ಮರಾಠಿಗೆ ಹೊರಳುತ್ತಿದ್ದರು.) ಚೂಪು ಮೂಲೆಯನ್ನು ದುಂಡಗೆ ಮಾಡುವ ಫಿಲೆಟ್ ಯಾಕೆ, ಗೋಡೆ ಒಂದು ಕಡೆ ಮಾತ್ರ ದಪ್ಪ ಇದ್ದರೆ ಅಲ್ಲೇ ಒಳಗೆ ಯಾಕೆ ಪೊಳ್ಳು ಬೀಳುತ್ತದೆ, ಇದೆಲ್ಲ ಕೊಯ್ದ ಸ್ಕ್ರ್ಯಾಪ್ ಕೈಯಲ್ಲಿ ಹಿಡಿದು ಕಲಿತೆವು.

ಉಳಿದದ್ದೆಲ್ಲ ತಾಪತ್ರಯವೇ. ಸಂಬಳಕ್ಕೆ ತಾರೀಕು ಇರಲಿಲ್ಲ. ಭಾನುವಾರವೂ ಫೋನ್ ಬರುತ್ತಿತ್ತು. ರಿವಿಷನ್ ನಂಬರ್ ಹಾಕುವ ಪದ್ಧತಿಯೇ ಇಲ್ಲ, ಯಾವ ಫೈಲ್ ಹೊಸದು ಅಂತ ಸಾಹೇಬರನ್ನೇ ಕೇಳಬೇಕು.

ದೊಡ್ಡ ಕಂಪನಿಯಲ್ಲಿ ಪಿಎಫ್, ಬಸ್ಸು, ಹೊತ್ತಿಗೆ ಸರಿಯಾಗಿ ಸಂಬಳ. ಶಿಸ್ತು ಕಲಿತದ್ದೂ ಅಲ್ಲೇ, ಸುಮ್ನೆ ಹೇಳುತ್ತಿಲ್ಲ. ಚೆಕ್ಕರ್ ಸಹಿ ಇಲ್ಲದೆ ಡ್ರಾಯಿಂಗ್ ಹೊರಗೆ ಹೋಗದು. ಡ್ರಾಯಿಂಗ್‌ನಲ್ಲಿ ನೋಟಗಳನ್ನು ಜೋಡಿಸುವುದಕ್ಕೆ ನಮ್ಮಲ್ಲಿ ಫಸ್ಟ್ ಆ್ಯಂಗಲ್ ರೂಢಿ, ಅಮೆರಿಕದವರಿಗೆ ಥರ್ಡ್ ಆ್ಯಂಗಲ್ ಬೇಕು. ಟಾಲರೆನ್ಸ್‌ಗೆ (ಅಳತೆ ಎಷ್ಟು ಹೆಚ್ಚುಕಮ್ಮಿ ಆಗಬಹುದು ಅನ್ನುವುದಕ್ಕೆ) ಅಮೆರಿಕದ ಮಾನದಂಡ ಎಎಸ್‌ಎಂಇ ವೈ14.5 ಪ್ರಕಾರವೇ ನಡೆಯಬೇಕು. ಆದರೆ ತಿಂಗಳುಗಟ್ಟಲೆ ಅದೇ ಬ್ರ್ಯಾಕೆಟ್, ಅದೇ ತೂತು ಅತ್ತಿತ್ತ. ಆ ಬ್ರ್ಯಾಕೆಟ್ ಲೋಹವಾಗಿದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ. ಅಮೆರಿಕದ ಬೆಳಗ್ಗೆ ನಮಗೆ ರಾತ್ರಿ ಊಟದ ಹೊತ್ತು, ಕಾಲ್ ಬರುವುದೂ ಆಗಲೇ. ಟೈಮ್‌ಶೀಟ್ ತುಂಬುವುದೇ ಇನ್ನೊಂದು ಕೆಲಸ.

ಮೊದಲು ಉದ್ಯಮಬಾಗ್, ಆಮೇಲೆ ದೊಡ್ಡ ಕಂಪನಿ ಅನ್ನುವುದಕ್ಕೆ ಒಂದು ಷರತ್ತಿದೆ. ಸಣ್ಣ ಆಫೀಸಿನ ಇಂಟರ್‌ವ್ಯೂನಲ್ಲೇ ಕೇಳಿ, ಫೌಂಡ್ರಿ ಒಳಗೆ ಬಿಡ್ತೀರಾ ಅಂತ. ಹಳೇ ಕಾಗದದ ಡ್ರಾಯಿಂಗ್ ನೋಡಿ ಕಂಪ್ಯೂಟರ್‌ನ ಆಟೋಕ್ಯಾಡ್‌ಗೆ ಇಳಿಸುವುದಷ್ಟೇ ಕೆಲಸವಾದರೆ, ಜಾಸ್ತಿ ಸಂಬಳ ಕೊಡುವ ಕಡೆಗೇ ಹೋಗಿ.