ಸೊರಗಿದ ಹೈಸ್ಕೂಲು: ಅಲ್ಲೇ ಓದಿಸುವುದಾ, ಬೇರೆ ಕಡೆ ಸೇರಿಸುವುದಾ?

ಶಾಲೆ ಹದಗೆಟ್ಟಿದೆ ಅಂತ ಎಷ್ಟೋ ಪೋಷಕರಿಗೆ ಗೊತ್ತಾಗುವುದು ಫಲಿತಾಂಶ ಬಂದಾಗ. ಮಕ್ಕಳಿಗೆ ಅದಕ್ಕೂ ಮುಂಚೆಯೇ ಗೊತ್ತಿರುತ್ತದೆ. ಗಣಿತದ ಮೇಷ್ಟ್ರು ಬಿಟ್ಟುಹೋದರು, ಬದಲಿಗೆ ಬಂದವರು ಸುಮ್ನೆ ನೋಟ್ಸ್ ಬರೆಸುತ್ತಾರೆ, ಹಿಂದಿನ ಬೆಂಚಿನ ಗಲಾಟೆಯನ್ನು ಕೇಳುವವರಿಲ್ಲ. ಹಾಗಾಗಿ ಮೊದಲು ಮಗುವನ್ನೇ ಕೇಳಿ.

ಅಲ್ಲೇ ಉಳಿದರೆ ಗೆಳೆಯರು ಇರುತ್ತಾರೆ, ಪಠ್ಯಕ್ರಮ ಬದಲಾಗುವುದಿಲ್ಲ. ಒಳ್ಳೆಯ ಮುಖ್ಯ ಶಿಕ್ಷಕರು ಬಂದರೆ ಶಿಸ್ತು ಬೇಗ ಸರಿಹೋಗಬಹುದು. ಆದರೆ ಪಾಠದ ಮಟ್ಟ ಏರಲು ಜಾಸ್ತಿ ಸಮಯ ಬೇಕು. ಕೊನೆಯ ವರ್ಷದಲ್ಲಿರುವ ಹುಡುಗಿಗೆ ಆ ಸುಧಾರಣೆ ಸಿಗುವುದು ಕಷ್ಟ. ಉಳಿಸುವುದಾದರೆ ಮನೆಯಲ್ಲಿ ಕೂತು ಓದಿಸುವ ಕೆಲಸ ನಿಮ್ಮದೇ. ಅದಕ್ಕೆ ಸಮಯ ಇದೆಯಾ?

ಬದಲಾಯಿಸಿದರೆ ಖಾಯಂ ಶಿಕ್ಷಕರು ಸಿಗಬಹುದು, ಕ್ಲಾಸು ಶಾಂತವಾಗಿರಬಹುದು. ಜೊತೆಗೆ ದೂರದ ಓಡಾಟ, ಹೊಸ ಮುಖಗಳು, ಅಲ್ಲಿ ಆಗಲೇ ಮುಗಿದುಹೋದ ಪಾಠಗಳು. ವರ್ಷದ ನಡುವೆ ಹೋದವರಿಗೆ ಈ ಕೊನೆಯದೇ ದೊಡ್ಡ ತಲೆನೋವು. ಹೆಸರುವಾಸಿ ಶಾಲೆ ಎಂದ ಮಾತ್ರಕ್ಕೆ ಹಿಂದೆ ಬಿದ್ದ ಮಗುವನ್ನು ಕೈಹಿಡಿದು ನಡೆಸುತ್ತಾರೆ ಅಂತೇನಿಲ್ಲ, ಅಲ್ವಾ?

ನನ್ನ ಲೆಕ್ಕ ಹೀಗಿದೆ. ಕಾಟ ಕೊಡುವವರ ಭಯದಿಂದ ಮಗು ಶಾಲೆಗೆ ಹೋಗಲು ಒಪ್ಪದಿದ್ದರೆ, ದೂರು ಕೊಟ್ಟರೂ ಏನೂ ಆಗದಿದ್ದರೆ, ಕಾಯಬೇಡಿ, ಬದಲಾಯಿಸಿ. ಬರೀ ಅಂಕ ಕಡಿಮೆ ಎಂದಾದರೆ ಆತುರ ಬೇಡ. ಎಷ್ಟು ಶಿಕ್ಷಕರು ಬಿಟ್ಟರು, ಯಾವ ವಿಷಯಕ್ಕೆ ಯಾರಿಲ್ಲ, ಯಾವಾಗ ಬರುತ್ತಾರೆ ಎಂದು ನೇರವಾಗಿ ಕೇಳಿ. ತಿಂಗಳುಗಟ್ಟಲೆ ಒಂದೇ ಹಾರಿಕೆಯ ಉತ್ತರ ಬಂದರೆ ಹೊಸ ಶಾಲೆ ಹುಡುಕಲು ಶುರು ಮಾಡಿ.