ಸಿಲಿಕಾನ್ ಗ್ರೀಸ್‌ನ ಒಂದು ಟ್ಯೂಬು, ಮೂರು ಹಂಗಾಮಿನ ಉಪ್ಪುನೀರು

ಮೂರು ಹಂಗಾಮು ಅಳಿವೆಯಲ್ಲೂ ಕಡಲಲ್ಲೂ ಓಡಾಡಿದ, ನೀರಡಿಯ ಮೀನನ್ನು ಪರದೆಯಲ್ಲಿ ತೋರಿಸುವ ಫಿಶ್ ಫೈಂಡರ್‌ನ ಪವರ್ ಕನೆಕ್ಟರ್ ಬಿಚ್ಚಿ ನೋಡಿದರೆ ನಾಲ್ಕೂ ಪಿನ್ನುಗಳು ಇನ್ನೂ ಮಿನುಗುತ್ತಿವೆ. ಹಸಿರು ಕಿಲುಬಿಲ್ಲ, ಕಪ್ಪು ಕಲೆಯಿಲ್ಲ. ಹುಟ್ಟು ಹಾಕುವ ಕಿರುದೋಣಿ ಕಯಾಕ್‌ನಲ್ಲಿ ಗಾಳ ಹಾಕುವವರಿಗೆ ಇದು ಎಂಥ ನೆಮ್ಮದಿ ಅನ್ನೋದು ಬಿಡಿಸಿ ಹೇಳಬೇಕಿಲ್ಲ. ಇದರಲ್ಲಿ ಅರ್ಧ ಪುಣ್ಯ ಡೈಎಲೆಕ್ಟ್ರಿಕ್ ಸಿಲಿಕಾನ್ ಗ್ರೀಸ್‌ನ 50 ಗ್ರಾಂ ಟ್ಯೂಬಿನದು. ಉಳಿದರ್ಧ ಎರಡು ಲೀಟರ್ ಸಿಹಿನೀರಿನದು. ಆ ಎರಡನೇ ಮಾತು ಟ್ಯೂಬಿನ ಮೇಲೆ ಎಲ್ಲೂ ಬರೆದಿಲ್ಲ. ಅದೇ ನನ್ನ ದೊಡ್ಡ ತಕರಾರು, ಮುಂದೆ ಹೇಳುತ್ತೇನೆ.

ಬಳಕೆಯ ಜಾಗ ಕೋಡಿಬೆಂಗ್ರೆ. ಸೀತಾ, ಸುವರ್ಣಾ ಎರಡೂ ನದಿಗಳು ಕಡಲು ಸೇರುವ ಅಳಿವೆ. ಉಪಕರಣ 5 ಇಂಚಿನ ಪರದೆಯ ಫಿಶ್ ಫೈಂಡರ್, ಜತೆಗೆ 12 ವೋಲ್ಟ್, 7 ಆಂಪಿಯರ್-ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ. ಹಿನ್ನೀರು ಅಷ್ಟೇನೂ ಉಪ್ಪಲ್ಲ ಎಂಬ ಸಮಾಧಾನ ಬೇಡ. ಬೇಸಿಗೆಯಲ್ಲಿ ಭರತ ಏರಿದಾಗ ನದಿಯೊಳಗೂ ಕಡಲ ನೀರೇ. ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುವ ಆ ನೀರು ಕರೆಂಟನ್ನು ಚೆನ್ನಾಗಿಯೇ ಹರಿಸುತ್ತದೆ. ಉಪಕರಣದ ಮೇಲಿನ ಐಪಿಎಕ್ಸ್7 ಎಂಬ ಮುದ್ರೆಯನ್ನು ನಂಬಿ ಕೂರುವಂತಿಲ್ಲ. ಅದು 1 ಮೀಟರ್ ಆಳದ ಸಿಹಿನೀರಿನಲ್ಲಿ 30 ನಿಮಿಷ ಮುಳುಗಿಸಿ ನೋಡಿದ ಪರೀಕ್ಷೆ. ಉಪ್ಪಿನ ಬಗ್ಗೆ, ವರ್ಷಗಳ ಬಗ್ಗೆ ಅದು ಏನೂ ಹೇಳುವುದಿಲ್ಲ.

ಕೆಡುವುದು ಹೇಗೆಂದು ತಿಳಿದರೆ ಗ್ರೀಸ್ ಏಕೆ ಕೆಲಸ ಮಾಡುತ್ತದೆ ಅನ್ನೋದೂ ತಿಳಿಯುತ್ತದೆ. ಕನೆಕ್ಟರಿನೊಳಗೆ ಒಂದು ಹನಿ ಉಪ್ಪುನೀರು ಸೇರಿದರೆ ಪಾಸಿಟಿವ್ ಪಿನ್ನಿನಿಂದ ನೆಗೆಟಿವ್ ಪಿನ್ನಿಗೆ ಆ ಹನಿಯ ಮೂಲಕವೇ ಸಣ್ಣಗೆ ಕರೆಂಟು ಹರಿಯುತ್ತದೆ. ಆಗ ಕರಗುವುದು ಪಾಸಿಟಿವ್ ಪಿನ್ನು. ಕೆಟ್ಟ ಕನೆಕ್ಟರನ್ನು ಹತ್ತಿರ ಹಿಡಿದು ನೋಡಿ: ಒಂದು ಪಿನ್ನು ತುದಿ ಸವೆದು ಸೂಜಿಯಂತಾಗಿ ಸುತ್ತ ಹಸಿರು ಹಿಟ್ಟು ಕಟ್ಟಿರುತ್ತದೆ, ಪಕ್ಕದ ಪಿನ್ನು ಹೆಚ್ಚುಕಡಿಮೆ ಸರಿಯಾಗಿಯೇ ಇರುತ್ತದೆ. ಬರೀ ತುಕ್ಕಾಗಿದ್ದರೆ ಎರಡೂ ಒಂದೇ ಥರ ಕೆಡಬೇಕಿತ್ತು. ಪರದೆಯ ಬಟನ್ ಒತ್ತಿ ಉಪಕರಣ ಆರಿಸಿದರೂ ಬ್ಯಾಟರಿಯಿಂದ ಕನೆಕ್ಟರಿನ ತನಕ 12 ವೋಲ್ಟ್ ಇದ್ದೇ ಇರುತ್ತದೆ. ದಡಕ್ಕೆ ಬಂದು, ಕಾರಿಗೆ ಹೇರಿ, ಮನೆ ತಲುಪುವ ಅಷ್ಟೂ ಹೊತ್ತು ಪಿನ್ನು ಕರಗುತ್ತಲೇ ಇರುತ್ತದೆ. ಆದ್ದರಿಂದ ಬ್ಯಾಟರಿ ಪೆಟ್ಟಿಗೆಗೇ ಒಂದು ಸ್ವಿಚ್ ಇರಲಿ. ದೋಣಿ ಮರಳಿಗೆ ತಾಗಿದೊಡನೆ ಮೊದಲು ಅದನ್ನು ಆರಿಸಿ, ಮೀನು ಆಮೇಲೆ ನೋಡಿ.

ಈ ಗ್ರೀಸ್ ಕರೆಂಟ್ ಹರಿಸುವುದಿಲ್ಲ. ಹಾಗಾದರೆ ಪಿನ್ನಿಗೆ ಹಚ್ಚಿದರೆ ಸಂಪರ್ಕ ತಪ್ಪುವುದಿಲ್ಲವೇ ಎಂಬ ಅನುಮಾನ ಎಲ್ಲರಿಗೂ ಬರುತ್ತದೆ. ತಪ್ಪುವುದಿಲ್ಲ. ಲೋಹಕ್ಕೆ ಲೋಹ ಒತ್ತುವ ಕಡೆ ಗ್ರೀಸ್ ಪಕ್ಕಕ್ಕೆ ಸರಿಯುತ್ತದೆ, ಸುತ್ತಲಿನ ಸಂದಿಯಲ್ಲಿ ಮಾತ್ರ ತುಂಬಿ ನಿಂತು ನೀರಿಗೆ ಜಾಗ ಬಿಡುವುದಿಲ್ಲ. ಇನ್ನು ಅಳತೆ. ನಾಲ್ಕು ಪಿನ್ನಿನ ಕನೆಕ್ಟರಿಗೆ ಸಾಸಿವೆ ಕಾಳಿನಷ್ಟು ಸಾಕು. ಬೆಂಕಿಕಡ್ಡಿಯ ತುದಿಯಲ್ಲಿ ತೆಗೆದು ಹೆಣ್ಣು ಬದಿಯ ತೂತುಗಳ ಬಾಯಿಗೆ ಸವರಿ, ರಬ್ಬರ್ ಉಂಗುರಕ್ಕೆ ಬೆರಳಲ್ಲಿ ತೆಳ್ಳಗೆ ಎಳೆಯಿರಿ. ನೆಟ್ಟಗೆ ಒಳಗೆ ತಳ್ಳಿ, ಒಮ್ಮೆ ಹೊರಗೆಳೆದು, ಮತ್ತೆ ತಳ್ಳಿ. ಅಂಚಿಗೆ ಬಂದದ್ದನ್ನು ಒರೆಸಿ. ಹೆಚ್ಚು ತುಂಬಿದರೆ ಒಳಗಿನ ಗಾಳಿಗೆ ಹೊರಹೋಗಲು ದಾರಿಯಿಲ್ಲದೆ ಕನೆಕ್ಟರ್ ಪೂರ್ತಿ ಕೂರುವುದಿಲ್ಲ. ಕೂತಂತೆ ಕಂಡರೂ ಆಮೇಲೆ ಮೆಲ್ಲಗೆ ಹಿಂದೆ ಸರಿಯುತ್ತದೆ. ಎಂಟು-ಹತ್ತು ಸಲ ನೀರಿಗಿಳಿದ ಮೇಲೆ ಹಳೆಯದನ್ನು ಒರೆಸಿ ಹೊಸದು ಹಚ್ಚಿದರೆ ಆಯಿತು. ಉಂಗುರ ಸಿಲಿಕಾನ್ ರಬ್ಬರಿನದಾಗಿದ್ದರೆ ಮಾತ್ರ ಈ ಗ್ರೀಸ್ ಬೇಡ, ಉಬ್ಬಿ ಸಡಿಲವಾಗುತ್ತದೆ. ಮಾಮೂಲು ಕಪ್ಪು ನೈಟ್ರೈಲ್ ಉಂಗುರಕ್ಕೆ ಏನೂ ತೊಂದರೆಯಿಲ್ಲ.

ಪೆಟ್ರೋಲಿಯಂ ಜೆಲ್ಲಿ ಸಾಲದೇ ಎಂದು ಕೇಳುವವರಿದ್ದಾರೆ. ಏಪ್ರಿಲ್ ಬಿಸಿಲಲ್ಲಿ ಕಯಾಕ್ ಮೇಲೆ ಅದು ಕರಗಿ ಇಳಿದುಹೋಗುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ತೇವ ಓಡಿಸಲು ಒಳ್ಳೆಯದೇ, ಆದರೆ ಅದರ ದ್ರಾವಕ ಆರಿದ ಮೇಲೆ ಉಳಿಯುವ ಪದರ ಉಪ್ಪುನೀರಿನ ಮುಂದೆ ಬಹಳ ದಿನ ನಿಲ್ಲುವುದಿಲ್ಲ.

ಇಲ್ಲಿಯವರೆಗೆ ಹೊಗಳಿಕೆ. ಈಗ ತಕರಾರು.

ಗ್ರೀಸ್ ತನ್ನ ಕೆಳಗೆ ಏನಿದೆಯೋ ಅದನ್ನೇ ಕಾಪಾಡುತ್ತದೆ. ಶುಚಿಯಾಗಿ ಒಣಗಿದ ಪಿನ್ನಿದ್ದರೆ ಪಿನ್ನು ಉಳಿಯುತ್ತದೆ, ಉಪ್ಪಿದ್ದರೆ ಉಪ್ಪು ಉಳಿಯುತ್ತದೆ. ಬಟ್ಟೆಯಲ್ಲಿ ಒರೆಸಿ, ಫ್ಯಾನಿನಡಿ ಒಣಗಿಸಿ ಹಚ್ಚಿದರೆ ಸಾಲದು. ಆಷಾಢದಲ್ಲಿ ಉಪ್ಪಿನ ಭರಣಿ ತಾನಾಗಿ ನೀರೊಡೆಯುತ್ತದಲ್ಲ, ಪಿನ್ನಿನ ಮೇಲೆ ನಡೆಯುವುದೂ ಅದೇ. ಅಡುಗೆ ಉಪ್ಪು ಗಾಳಿಯ ಆರ್ದ್ರತೆ ಶೇ. 75 ದಾಟಿದರೆ ನೀರೊಡೆಯುತ್ತದೆ. ಕಡಲ ಉಪ್ಪಿನಲ್ಲಿರುವ ಮೆಗ್ನೀಸಿಯಮ್ ಕ್ಲೋರೈಡ್‌ಗೆ ಶೇ. 33ರ ಆಸುಪಾಸೇ ಸಾಕು. ಕರಾವಳಿಯ ಗಾಳಿ ಅಷ್ಟು ಒಣಗುವ ದಿನ ಬಲು ಅಪರೂಪ. ಅಂದರೆ ಉಪ್ಪಿನ ಪದರ ಇಲ್ಲಿ ಒಣಗುವುದೇ ಇಲ್ಲ, ಅದನ್ನು ತೊಳೆದೇ ತೆಗೆಯಬೇಕು. ಟ್ಯೂಬಿನ ಮೇಲೆ 'ನೀರು ತಡೆಯುತ್ತದೆ, ತುಕ್ಕು ತಡೆಯುತ್ತದೆ' ಎಂದು ದಪ್ಪಕ್ಷರದಲ್ಲಿ ಹಾಕಿದವರು 'ಮೊದಲು ತೊಳೆಯಿರಿ' ಎಂಬ ಎರಡು ಪದ ಹಾಕಬಹುದಿತ್ತು. ಕೆಲವು ನೂರು ರೂಪಾಯಿಯ ಟ್ಯೂಬನ್ನು ನಂಬಿ ಹತ್ತಿಪ್ಪತ್ತು ಸಾವಿರದ ಉಪಕರಣವನ್ನು ಉಪ್ಪಿನ ಸಮೇತ ಸೀಲು ಮಾಡುವುದು ನಿಜವಾಗಿಯೂ ನೋವಿನ ಸಂಗತಿ.

ಎರಡನೇ ತಕರಾರು ಮುಚ್ಚಳದ್ದು. ತೆಳು ಪ್ಲಾಸ್ಟಿಕ್, ಮೊದಲ ಹಂಗಾಮಿನಲ್ಲೇ ಸೀಳಿತು. ಬಾಯಿಗೆ ಮರಳು ಮೆತ್ತಿದರೆ ಗ್ರೀಸ್ ಜತೆ ಮರಳೂ ಪಿನ್ನಿಗೆ ಹೋಗುತ್ತದೆ. ಪಿನ್ನಿನ ಮೇಲಿನ ಚಿನ್ನದ ಲೇಪ ಕೂದಲೆಳೆಗಿಂತ ಎಷ್ಟೋ ತೆಳು, ಗೀರು ಬಿದ್ದರೆ ಕಿಲುಬು ಶುರುವಾಗುವುದು ಅಲ್ಲಿಂದಲೇ. ಮೆಡಿಕಲ್ ಶಾಪಿನಲ್ಲಿ ಸಿಗುವ 5 ಮಿ.ಲೀ. ಸಿರಿಂಜ್ ತಂದು, ಸೂಜಿ ಬಿಟ್ಟು, ಹಿಂಬದಿಯಿಂದ ಗ್ರೀಸ್ ತುಂಬಿಸಿಟ್ಟುಕೊಳ್ಳಿ. ಸಾಸಿವೆ ಕಾಳಿನ ಅಳತೆಗೂ ಅದೇ ಅನುಕೂಲ.

ತೊಳೆಯುವ ಕ್ರಮದಲ್ಲಿ ಹೆಚ್ಚಿನವರು ತಪ್ಪುವುದು ಒಂದೇ ಕಡೆ: ಮೊದಲು ಕನೆಕ್ಟರ್ ಬಿಚ್ಚುತ್ತಾರೆ. ಬಿಚ್ಚಿದ ಕೂಡಲೇ ಅಂಚಿನಲ್ಲಿ ನಿಂತಿದ್ದ ಉಪ್ಪುನೀರು ಒಳಗಿಳಿಯುತ್ತದೆ. ಸ್ವಿಚ್ ಆರಿಸಿ, ಎಲ್ಲವೂ ಜೋಡಿಸಿದ ಹಾಗೇ ಇರಲಿ. ಒಂದು ಲೀಟರಿನ ಎರಡು ಬಾಟಲಿ ಸಿಹಿನೀರು ಸಾಕು. ಮೊದಲನೆಯದನ್ನು ಕನೆಕ್ಟರಿನ ಕುತ್ತಿಗೆಗೆ ಸಣ್ಣಗೆ ಸುರಿಯುತ್ತ ಮೆತ್ತನೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ. ಎರಡನೆಯದು ಪರದೆಗೆ, ಸ್ಟ್ಯಾಂಡಿನ ತಿರುಪುಗಳಿಗೆ, ನೀರಿಗೆ ಶಬ್ದದ ಅಲೆ ಕಳಿಸುವ ಟ್ರಾನ್ಸ್‌ಡ್ಯೂಸರಿಗೆ. ಪೈಪಿನ ರಭಸದ ನೀರು ಬೇಡ, ಅದು ಉಪ್ಪನ್ನು ಸೀಲಿನೊಳಕ್ಕೇ ತಳ್ಳುತ್ತದೆ. ಪರದೆಯನ್ನು ನೀರು ಸುರಿಯದೆ ಒರೆಸಬೇಡಿ, ಉಪ್ಪಿನ ಹರಳು ಲೇಪ ಗೀರುತ್ತದೆ. ಆಮೇಲೆ ನೆರಳಲ್ಲಿ, ಕನೆಕ್ಟರಿನ ಬಾಯಿ ಕೆಳಮುಖವಾಗಿ, ಎರಡು ತಾಸು ತೂಗುಹಾಕಿ. ಬಿಚ್ಚುವುದು ಅದರ ನಂತರ. ಅಳಿವೆ ಬದಿಯ ಬಾವಿಗಳು ಮಾರ್ಚ್ ದಾಟಿದರೆ ಉಪ್ಪಾಗುವುದುಂಟು. ಸ್ಟೀಲ್ ತಟ್ಟೆಗೆ ಒಂದು ಚಮಚ ನೀರು ಹಾಕಿ ಬಿಸಿಲಿಗಿಡಿ, ದಪ್ಪ ಬಿಳಿ ಕಲೆ ಉಳಿದರೆ ಆ ನೀರು ಇದಕ್ಕೆ ಬೇಡ. ಶೇಖರಿಸಿಟ್ಟ ಮಳೆನೀರು ಎಲ್ಲಕ್ಕಿಂತ ಒಳ್ಳೆಯದು.

ಕಿಲುಬು ಈಗಾಗಲೇ ಬಂದಿದ್ದರೆ? ತಾಮ್ರದ ಚೆಂಬಿಗೆ ಹುಣಸೆಹಣ್ಣು ತಿಕ್ಕುವ ಅದೇ ರಸಾಯನ ಇಲ್ಲೂ ನಡೆಯುತ್ತದೆ, ಆದರೆ ಹುಣಸೆಯ ನಾರು, ಅಂಟು ಪಿನ್ನಿನ ಬುಡದಲ್ಲಿ ಉಳಿಯುತ್ತದೆ. ಬಿಳಿ ವಿನೆಗರ್‌ನಲ್ಲಿ ಹತ್ತಿಯ ಕಡ್ಡಿ ಅದ್ದಿ ಐದು ನಿಮಿಷ ಮೆತ್ತಗೆ ಸವರಿ, ಡಿಸ್ಟಿಲ್ಡ್ ನೀರಿನಲ್ಲಿ ಎರಡು ಸಲ ತೊಳೆದು, ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಗ್ರೀಸ್. ಮರಳುಕಾಗದ ಮುಟ್ಟಿಸಲೇಬೇಡಿ.

ಗ್ರೀಸ್ ತಲುಪದ ಕಡೆಗಳೂ ಇವೆ. ಬ್ಯಾಟರಿ ಬದಿಯ ಫ್ಯೂಸ್ ಹೋಲ್ಡರ್, ಇಕ್ಕಳದಿಂದ ಅದುಮಿ ಕೂರಿಸಿದ (ಕ್ರಿಂಪ್ ಮಾಡಿದ) ಟರ್ಮಿನಲ್, ವೈರಿನ ಒಳಗೆ. ಎಳೆ ಎಳೆಯ ತಾಮ್ರದ ವೈರು ದೀಪದ ಬತ್ತಿ ಎಣ್ಣೆ ಹೀರುವಂತೆ ಉಪ್ಪುನೀರು ಹೀರುತ್ತದೆ, ಹೊರಗಿನ ಪ್ಲಾಸ್ಟಿಕ್ ಹೊಸದರಂತೆಯೇ ಇದ್ದು ಒಳಗೆ ತಾಮ್ರ ಕಪ್ಪಾಗಿರುತ್ತದೆ. ಪರೀಕ್ಷೆ ಸುಲಭ. ಉಪಕರಣ ಓಡುತ್ತಿರುವಾಗ ಪರದೆ ತೋರಿಸುವ ವೋಲ್ಟೇಜನ್ನು ಬ್ಯಾಟರಿ ಮೇಲೆ ಮಲ್ಟಿಮೀಟರ್ ತೋರಿಸುವುದರ ಜತೆ ಹೋಲಿಸಿ. ವ್ಯತ್ಯಾಸ 0.3 ವೋಲ್ಟ್ ದಾಟಿದರೆ ಮೊದಲು ಫ್ಯೂಸ್ ಹೋಲ್ಡರ್ ಬಿಚ್ಚಿ. ಅಲ್ಲಿಲ್ಲದಿದ್ದರೆ ವೈರಿನ ತುದಿಯನ್ನು ಹೊಳೆಯುವ ತಾಮ್ರ ಕಾಣುವ ತನಕ ಕತ್ತರಿಸುತ್ತ ಬನ್ನಿ. 10 ಸೆಂ.ಮೀ. ಕತ್ತರಿಸಿದರೂ ಕಪ್ಪೇ ಇದ್ದರೆ ಇಡೀ ವೈರು ಬದಲಿಸಿ, ತವರ ಲೇಪಿಸಿದ ತಾಮ್ರದ್ದೇ ಹಾಕಿ. ಜೋಡಣೆಯ ಮೇಲೆ ಒಳಮೈಗೆ ಅಂಟಿನ ಲೇಪವಿರುವ, ಬಿಸಿಗೆ ಕುಗ್ಗುವ ಹೀಟ್ ಶ್ರಿಂಕ್ ಕೊಳವೆ ಏರಿಸಿ, ಎರಡೂ ತುದಿಯಲ್ಲಿ ಅಂಟು ಒಸರುವ ತನಕ ಬಿಸಿ ಮಾಡಿ. ಬರೀ ಇನ್ಸುಲೇಶನ್ ಟೇಪು ಸುತ್ತಿದರೆ ನೀರನ್ನು ಹಿಡಿದಿಟ್ಟಂತೆ. ವಿನೆಗರ್ ವಾಸನೆಯ ಸಿಲಿಕಾನ್ ಸೀಲೆಂಟ್ ತಾಮ್ರದ ಹತ್ತಿರವೂ ಬರಬಾರದು, ಅದು ಗಟ್ಟಿಯಾಗುವಾಗ ಬಿಡುವ ಅಸಿಟಿಕ್ ಆಮ್ಲವೇ ತಾಮ್ರ ತಿನ್ನುತ್ತದೆ. ಟ್ರಾನ್ಸ್‌ಡ್ಯೂಸರ್ ಕೇಬಲನ್ನು ಮಾತ್ರ ಯಾವ ಕಾರಣಕ್ಕೂ ಕತ್ತರಿಸಬೇಡಿ.

ಮಳೆಗಾಲಕ್ಕೆ ಬಂದರೆ ಈ ಟ್ಯೂಬಿನ ಮೇಲೆ ಮತ್ತೆ ಪ್ರೀತಿ ಹುಟ್ಟುತ್ತದೆ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರೀಕೃತ ದೋಣಿಗಳಿಗೆ ನಿಷೇಧ, ಆ ಕಡಲಿಗೆ ಕಯಾಕ್ ಇಳಿಸುವ ಪ್ರಶ್ನೆಯೇ ಇಲ್ಲ. ಉಪಕರಣ ಕಪಾಟು ಸೇರುವ ಆ ಎರಡು ತಿಂಗಳೇ ನಿಜವಾದ ಗಂಡಾಂತರ. ತೊಳೆದು, ಒಣಗಿಸಿ, ಗ್ರೀಸ್ ಹಚ್ಚಿ, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ 50 ಗ್ರಾಂ ಸಿಲಿಕಾ ಜೆಲ್ ಜತೆ ಇಡಿ. ಕಿತ್ತಳೆ ಬಣ್ಣದ ಮಣಿಗಳು ಕಡುಹಸಿರಾದರೆ 120 ಡಿಗ್ರಿಯ ಒವನ್‌ನಲ್ಲಿ ಎರಡು ತಾಸು ಇಟ್ಟು ಮತ್ತೆ ಬಳಸಿ. ಬ್ಯಾಟರಿಯನ್ನು ಅರ್ಧ ಚಾರ್ಜ್‌ನಲ್ಲಿ, ವೈರು ಬಿಚ್ಚಿ, ಬೇರೆಯೇ ಇಡಬೇಕು. ಆಗಸ್ಟಿನಲ್ಲಿ ಡಬ್ಬಿ ತೆರೆದು ಕನೆಕ್ಟರ್ ಜೋಡಿಸಿದಾಗ ಪರದೆ 13.1 ಎಂದು ತೋರಿಸಿತು, ಮಲ್ಟಿಮೀಟರ್ 13.2.

ಮೊಬೈಲಿನ ಯುಎಸ್‌ಬಿ-ಸಿ ಬಾಯಿಗೆ ಇದನ್ನು ಹಚ್ಚಬೇಡಿ, ಅಲ್ಲಿನ ಸಂಪರ್ಕ ಅಷ್ಟು ಬಲವಾಗಿ ಒತ್ತುವುದಿಲ್ಲ, ಧೂಳೂ ಮೆತ್ತುತ್ತದೆ. ಮೊಬೈಲು ನೀರು ನುಗ್ಗದ ಚೀಲದಲ್ಲೇ ಇರಲಿ. 50 ಗ್ರಾಂನಲ್ಲಿ ಅರ್ಧಕ್ಕಿಂತ ಹೆಚ್ಚು ಇನ್ನೂ ಉಳಿದಿದೆ. ಗ್ರೀಸ್‌ಗೆ ಐದರಲ್ಲಿ ನಾಲ್ಕೂವರೆ, ಟ್ಯೂಬಿಗೆ ಎರಡು. ಕೈಯಲ್ಲಿ ಹಣ ಕಮ್ಮಿಯಿದ್ದರೆ ಮೊದಲು ಬ್ಯಾಟರಿ ಪೆಟ್ಟಿಗೆಯ ಸ್ವಿಚ್, ಆಮೇಲೆ ಈ ಟ್ಯೂಬು, ಅದಾದ ಮೇಲೆ ತವರ ಲೇಪದ ವೈರು. ನೀರಿನ ಬಾಟಲಿಗಳು ಮನೆಯಲ್ಲೇ ಇರುತ್ತವೆ.